ಕಾಕಾನ ಎರಡು ಬೆರಳು

ನನ್ನ ಡೈವಿಂಗ್ ಪುಸ್ತಕದಲ್ಲಿ ಹತ್ತು ಇಳಿತಗಳ ದಾಖಲೆ ಇದೆ. ಪ್ರತಿಯೊಂದರ ಎದುರೂ ದಿನ, ಆಳ, ನೀರೊಳಗೆ ಇದ್ದ ನಿಮಿಷ, ಎಷ್ಟು ದೂರದವರೆಗೆ ಕಾಣುತ್ತಿತ್ತು ಎಂಬುದನ್ನು ಬರೆದಿದ್ದೇನೆ. ಹತ್ತನೆಯದರ ಎದುರು ಹೀಗಿದೆ: ಡಿಸೆಂಬರ್, ಮೊದಲ ಶನಿವಾರ; ಏಳು ಮೀಟರ್; ಹದಿನಾಲ್ಕು ನಿಮಿಷ; ಎಂಟು ಮೀಟರ್ ದೂರ ಸ್ಪಷ್ಟ. ಷರಾ ಎಂಬ ಕಾಲಂ ಖಾಲಿ ಇದೆ. ಅಲ್ಲಿ ಬರೆಯಬೇಕಾಗಿದ್ದು ಆ ಕಾಲಂನಲ್ಲಿ ಹಿಡಿಸುವಂಥದ್ದಲ್ಲ.

ನಾನು ಬನಹಟ್ಟಿಯವಳು. ಜಮಖಂಡಿಯ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಬಾಟಲಿಗಳಿಗೆ ಚೀಟಿ ಅಂಟಿಸುವುದು, ಒಡೆದ ಗಾಜಿನ ಲೆಕ್ಕ ಇಡುವುದು ನನ್ನ ಕೆಲಸ, ನನ್ನ ಸ್ವಭಾವವೂ ಅದೇ. ದಿನಚರಿ ಬರೆಯಲು ಶುರು ಮಾಡಿದ್ದು ಏಳನೆಯ ಇಯತ್ತೆಯಲ್ಲಿ. ಅವತ್ತಿನಿಂದ ಬಿಟ್ಟುಹೋದ ದಿನಗಳು ಒಟ್ಟು ಹತ್ತೊಂಬತ್ತು.

ನಮ್ಮ ಮನೆಗೆ ಗೋಡೆ ಹತ್ತಿದಂತೆ ಇರುವುದು ಕಾಕಾನ ಮನೆ. ಅಪ್ಪನ ತಮ್ಮ. ಅವನದು ಹಾಸು ಕೆಚ್ಚುವ ಕೆಲಸ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಹೂಡಿದ ಎಳೆಗಳ ಸಾಲು, ಮುಗಿಯಲು ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಸೇರಿಸಬೇಕು. ಗಂಟು ಹಾಕುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಹೊಸೆಯುತ್ತಾರೆ. ಹೊಸೆದದ್ದು ಹಿಡಿಯಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯಬೇಕು. ಒಂದು ಸೀರೆಯ ಹಾಸಿನಲ್ಲಿ ಎರಡೂವರೆ ಸಾವಿರದಷ್ಟು ಎಳೆ. ನಾನು ಗಡಿಯಾರ ಹಿಡಿದು ನೋಡಿದ್ದೇನೆ, ಕಾಕಾ ನಿಮಿಷಕ್ಕೆ ಹನ್ನೆರಡು ಕೆಚ್ಚುತ್ತಿದ್ದ. ಬೆಳಿಗ್ಗೆ ನಾಷ್ಟಾ ಮಾಡಿ ಕೂತರೆ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಆಮೇಲೆ ಹಾಸನ್ನು ಮಗ್ಗದ ಬಾಚಣಿಕೆಯಂಥ ಫಣಿಯೊಳಗಿಂದ ಮುಂದಕ್ಕೆ ಎಳೆದಾಗ ಬಿಚ್ಚಿಕೊಳ್ಳುತ್ತಿದ್ದದ್ದು ನಾಲ್ಕೋ ಐದೋ ಎಳೆ. ಈಗ ಗಂಟು ಹಾಕುವ ಯಂತ್ರ ಬಂದಿದೆ, ಆದರೂ ರಬಕವಿ, ಬನಹಟ್ಟಿಯಲ್ಲಿ ಉಳಿದಿರುವ ಕೈಮಗ್ಗಗಳವರು ಕಾಕಾನನ್ನೇ ಕರೆಯುತ್ತಿದ್ದರು. ಅವನಿಗೆ ಬೇರೆ ಕೆಲಸ ಬಾರದು. ಬೇಕಾಗಿಯೂ ಇರಲಿಲ್ಲ.

ನನಗೆ ಈಜು ಕಲಿಸಿದ್ದು ಅವನೇ. ಹೊಲದ ಬಾವಿಯಲ್ಲಿ ಸೊಂಟಕ್ಕೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಇಳಿಸಿದ್ದ. ಬೇಸಿಗೆ ಮುಗಿಯುವಷ್ಟರಲ್ಲಿ ಡಬ್ಬಿ ಬಿಚ್ಚಿದ. ಕಾಲೇಜಿನ ಪ್ರವಾಸದಲ್ಲಿ ಮುರುಡೇಶ್ವರಕ್ಕೆ ಹೋದಾಗ ನಾನು ಮೊದಲ ಸಲ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿದದ್ದು. ಆಮೇಲೆ ಎರಡು ವರ್ಷ ರಜೆ ಕೂಡಿಟ್ಟು ಹೋಗಿ ಬಂದು ಪರೀಕ್ಷೆ ಕೊಟ್ಟು ಕಾರ್ಡು ತೆಗೆದುಕೊಂಡೆ. ಎಂಟು ಇಳಿತಗಳಾದವು. ಪ್ರತಿ ಸಲ ಮರಳಿ ಬಂದಾಗಲೂ ಕಾಕಾ ಕೇಳುವ ಪ್ರಶ್ನೆ ಒಂದೇ.

“ತಳಕ್ಕ ಏನೈತಿ ಬೇ?”

“ಮೀನು, ಕಲ್ಲು, ಉಸುಕು.”

“ಅದು ಕೃಷ್ಣಾ ಹೊಳ್ಯಾಗೂ ಐತಿ. ಮತ್ತೇನೈತಿ?”

ಹೇಳಲು ಬಾರದೆ ಒಂದು ದಿನ ನಾನು, “ನೀನ ಬಂದು ನೋಡು” ಅಂದುಬಿಟ್ಟೆ. ಅವನು ತಲೆ ಎತ್ತಿ ನನ್ನ ಮುಖ ನೋಡಿದ. ಕಾಕಿ ಒಳಗೆ ಕಂಡಿಕೆ ಸುತ್ತುತ್ತ ಕೂತಿದ್ದಳು. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವುದು ಅವಳ ಕೆಲಸ. ರಾಟಿ ನಿಲ್ಲಿಸದೆ ಅಂದಳು, “ಅಷ್ಟು ನೀರಿನ ಹುಚ್ಚಿದ್ರ ಹಿತ್ತಲದಾಗಿನ ಟಾಕಿ ತುಂಬು ಅಂತ ಹೇಳು ನಿಮ್ಮ ಕಾಕಾಗ. ನಾಲ್ಕು ದಿನ ಆತು ಖಾಲಿ ಬಿದ್ದೈತಿ.”

“ನೀನೂ ಬಾ” ಅಂದ ಕಾಕಾ.

“ನಾ ಬಂದ್ರ ಸಮುದ್ರ ಉಕ್ಕತೈತಿ. ನೀವ ಹೋಗ್ರಿ.”

ಡಿಸೆಂಬರ್ ಮೊದಲ ಶನಿವಾರಕ್ಕೆ ದಿನ ಗೊತ್ತು ಮಾಡಿದೆವು. ಅದರ ಮುಂದಿನ ಬುಧವಾರ ರಬಕವಿಯ ಒಂದು ಮನೆಯಲ್ಲಿ ಹಾಸು ಕೆಚ್ಚುವುದಿತ್ತು, ಅಷ್ಟರೊಳಗೆ ಮರಳಿ ಬರುವುದೆಂದು ಅವನು ಅವರಿಗೆ ಮಾತು ಕೊಟ್ಟಿದ್ದ.

ಮುರುಡೇಶ್ವರದಿಂದ ದೋಣಿಯಲ್ಲಿ ಒಂದು ದ್ವೀಪದ ಹತ್ತಿರ ಹೋಗಲು ಒಂದೂವರೆ ತಾಸು ಹಿಡಿಯಿತು. ಕಾಕಾ ಧೋತರ ಬಿಟ್ಟು ರಬ್ಬರಿನ ಬಿಗಿ ಉಡುಪು ಹಾಕಿಕೊಂಡಿದ್ದ. ಮುಂಗೈ, ಬೆರಳು, ಮುಖ ಬಿಟ್ಟರೆ ಉಳಿದದ್ದೆಲ್ಲ ಮುಚ್ಚಿತ್ತು. “ಬೀಮಿಗೆ ಹಾಸು ಸುತ್ತಿದಂಗ ಸುತ್ತ್ಯಾರ ನೋಡು ನನ್ನ” ಅಂದ. ನಮ್ಮ ಜೊತೆ ಇಳಿಯುವ ಡೈವಿಂಗ್ ಗುರು ಕರಾವಳಿಯ ಹುಡುಗ, ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಅವನು ಕೈಸನ್ನೆಗಳನ್ನು ಕಲಿಸಿ ಕೊನೆಗೆ ಹೇಳಿದ, “ಏನು ಕಂಡ್ರೂ ಕೈ ಹಾಕ್ಬಾರ್ದು ಮಾರಾಯ್ರೇ. ಚಂದ ಕಂಡ್ರಂತೂ ಹಾಕ್ಲೇಬಾರ್ದು.” ಕಾಕಾ ಸಾಲಿಯ ಹುಡುಗನ ಹಾಗೆ ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು, “ಹಾಕೂದಿಲ್ರಿ” ಅಂದ.

ಮೊದಲ ಇಳಿತ ಚೆನ್ನಾಗಿಯೇ ಆಯಿತು. ಆರು ಮೀಟರ್, ಇಪ್ಪತ್ತೊಂದು ನಿಮಿಷ. ಗುರು ಅವನ ತೋಳು ಹಿಡಿದಿದ್ದ, ನಾನು ಪಕ್ಕದಲ್ಲಿದ್ದೆ. ಮೀನುಗಳ ಹಿಂಡು ಬಂದು ಅವನ ಎದುರಿಗೆ ಎರಡು ಪಾಲಾಗಿ ಹಿಂದೆ ಹೋಗಿ ಮತ್ತೆ ಒಂದಾಯಿತು. ಅವನ ಕೈ ಎದೆಯ ಮೇಲೇ ಇತ್ತು. ದೋಣಿಗೆ ಹತ್ತಿದ ಮೇಲೆ ಅವನು ಸಮುದ್ರದ ಕಡೆಗೇ ತಿರುಗಿ ಕೂತ. ಬಾಯಿ ಒಣಗಿತ್ತೆಂದು ನೀರು ಕೊಟ್ಟೆ.

“ಏನು ಕಂಡಿ ಕಾಕಾ?”

“ಕಂಡದ್ದಲ್ಲ ಬೇ” ಅಂದ. “ಕರೆಂಟ್ ಹೋದಾಗ ಊರ ತುಂಬ ಮಗ್ಗದ ಸಪ್ಪಳ ಒಮ್ಮೆಲೆ ನಿಂದರತೈತಲ್ಲ, ಹಂಗಾತು. ಮನಿಯೊಳಗ ಆದ್ರ ಐದು ನಿಮಿಷಕ್ಕ ಮತ್ತ ಬರತೈತಿ. ಇಲ್ಲೆ ಬರಲೇ ಇಲ್ಲ.”

ನನಗೆ ಎಂಟು ಇಳಿತಗಳಲ್ಲಿ ಹೇಳಲು ಬಾರದಿದ್ದದ್ದು ಅದು. ಅವನು ಒಂದರಲ್ಲೇ ಹೇಳಿದ.

ಎರಡನೆಯ ಇಳಿತ ಬೇಡಿದ್ದು ನಾನು. ಅವನು, “ಸಾಕು ಯವ್ವಾ, ಹೊಟ್ಟಿ ತುಂಬ್ಯಾದ” ಅಂದಿದ್ದ. ನನ್ನ ಪುಸ್ತಕದಲ್ಲಿ ಒಂದು ಪುಟಕ್ಕೆ ಎರಡು ಇಳಿತಗಳ ಜಾಗ. ಒಂಬತ್ತಕ್ಕೆ ನಿಂತರೆ ಅರ್ಧ ಪುಟ ಖಾಲಿ ಉಳಿಯುತ್ತಿತ್ತು. ಬೇರೆ ಕಾರಣಗಳೂ ಇದ್ದವು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಿಸಿಲು ಚೆನ್ನಾಗಿತ್ತು, ಇಷ್ಟು ದೂರ ಬಂದಿದ್ದೆವು, ಸಿಲಿಂಡರ್ ಇನ್ನೊಂದು ಉಳಿದಿತ್ತು. ಆದರೆ ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು ಆ ಅರ್ಧ ಪುಟ. “ಇನ್ನೊಂದು ಸಲ, ಕಾಕಾ. ಒಂದ ಒಂದು” ಅಂದೆ. ನಾನು ಕೇಳಿದ್ದಕ್ಕೆ ಅವನು ಇಲ್ಲ ಅಂದದ್ದು ನನಗೆ ನೆನಪಿಲ್ಲ.

ಹದಿಮೂರನೆಯ ನಿಮಿಷಕ್ಕೆ ಮೇಲೆ ಬರುತ್ತಿದ್ದೆವು. ನೀರಿನ ಮೇಲ್ಭಾಗಕ್ಕೆ ನಾಲ್ಕು ಮೀಟರ್ ಇರುವಾಗ ಹಗ್ಗ ಹಿಡಿದು ಸ್ವಲ್ಪ ಹೊತ್ತು ನಿಲ್ಲಬೇಕು. ನನ್ನ ಕಾಲಿಗೆ ತೊಟ್ಟ ಈಜುರೆಕ್ಕೆಯ ಪಟ್ಟಿ ಸಡಿಲಾಗಿತ್ತು. ನಾನು ಸನ್ನೆ ಮಾಡಿ ತೋರಿಸಿದೆ. ಗುರು ಕಾಕಾನ ಕೈಗೆ ಹಗ್ಗ ಕೊಟ್ಟು ನನ್ನ ಕಾಲಿನ ಕಡೆ ಬಾಗಿದ.

ಆಗ ಅದು ಬಂತು. ನೆನೆಸಿದ ಸಾಬೂದಾಣಿಯ ಬಣ್ಣದ, ಬೋಗುಣಿ ಬೋರಲು ಹಾಕಿದಂಥ ಒಂದು ಜೆಲ್ಲಿ ಮೀನು. ಬಿಸಿಲು ಅದರ ಮೈಯೊಳಗಿಂದ ಹಾಯುತ್ತಿತ್ತು. ಬೋಗುಣಿಯ ಅಂಚಿನಿಂದ ಇಳಿಬಿದ್ದ ಎಳೆಗಳು ಒಂದು ಮಾರಿಗಿಂತ ಉದ್ದ, ನೂರನೆಯ ನಂಬರಿನ ನೂಲಿನಷ್ಟು ಸಣ್ಣ. ನಾನು ಎಣಿಸಲು ಶುರು ಮಾಡಿದ್ದೆ, ಅದು ನಿಜ. ಏಳು, ಎಂಟು ಎಂದು ಎಣಿಸುತ್ತಿರುವಾಗ ಕಾಕಾನ ಬಲಗೈ ಹಗ್ಗ ಬಿಟ್ಟಿತು.

ಅವನು ಅದನ್ನು ಹಿಡಿಯಲು ಹೋಗಲಿಲ್ಲ. ಅವನು ಒಂದು ಎಳೆಯ ತುದಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತೆಗೆದುಕೊಂಡ. ಎಡಗೈ ನೀರಿನಲ್ಲಿ ಅದಕ್ಕೆ ಸೇರಿಸಲು ಇನ್ನೊಂದು ಎಳೆಯ ತುದಿಯನ್ನು ಹುಡುಕಿತು. ತೂಗುತ್ತಿರುವ ಎಳೆ ಕಂಡರೆ ಕೈ ಹೋಗುವುದು ನಮ್ಮ ಓಣಿಯಲ್ಲಿ ಎಲ್ಲರಿಗೂ ಇರುವ ರೂಢಿ. ಮದುವೆಮನೆಯಲ್ಲಿ ಎದುರಿಗೆ ಕೂತವರ ಸೆರಗಿನ ಎಳೆ ಕಿತ್ತು ಬಂದಿದ್ದರೂ ಕಾಕಾ ಹಾಗೆಯೇ ಕೈ ಚಾಚಿ ಕಾಕಿಯಿಂದ ಬೈಸಿಕೊಂಡಿದ್ದ. ನೀರೊಳಗೆ ಅವನ ಎರಡು ಬೆರಳು ಹೊಸೆದದ್ದನ್ನು ನಾನು ಕಣ್ಣಾರೆ ನೋಡಿದೆ. ಒಂದೇ ಸುತ್ತು. ಆಮೇಲೆ ಅವನ ಇಡೀ ಮೈ ಜಗ್ಗಿತು, ಬಾಯಿಂದ ಗುಳ್ಳೆಗಳು ಒಮ್ಮೆಲೆ ಎದ್ದವು. ಗುರು ತಿರುಗಿ ಅವನನ್ನು ಅಪ್ಪಿ ಹಿಡಿದು ನಿಧಾನವಾಗಿ ಮೇಲಕ್ಕೆ ತಂದ.

ದೋಣಿಯಲ್ಲಿ ಕಾಕಾ ಕೂಗಲಿಲ್ಲ. ಬಲಗೈಯನ್ನು ಎಡಗೈಯಿಂದ ಹಿಡಿದು ಕೂತಿದ್ದ. ಗುರು ಇನ್ನೂ ನೀರಿನಲ್ಲಿದ್ದ, ಬಿಚ್ಚಿದ ಸಿಲಿಂಡರ್‌ಗಳನ್ನು ಮೇಲೆ ಕೊಡುತ್ತಿದ್ದ. ಕಾಕಾನ ಬೆರಳುಗಳಿಗೂ ಮುಂಗೈಗೂ ಆ ಎಳೆಯ ತುಂಡುಗಳು ಅಂಟಿಕೊಂಡಿದ್ದವು. ನೂಲಿಗೆ ಗಂಜಿ ಹಾಕುವ ದಿನ ನಮ್ಮ ಕೈಗೆ ಹೀಗೆಯೇ ಎಳೆ ಅಂಟಿ ಒಣಗುತ್ತದೆ. ಹಸಿ ಅರಿವೆಯಿಂದ ತಿಕ್ಕಿದರೆ ಹೋಗುತ್ತದೆ, ಸಣ್ಣವಳಿದ್ದಾಗ ಕಾಕಿ ನನ್ನ ಕೈ ತಿಕ್ಕಿ ತೊಳೆಯುತ್ತಿದ್ದಳು. ನಾನು ಕುಡಿಯುವ ನೀರಿನ ಬಾಟಲಿಯನ್ನು ಟವೆಲಿನ ಮೇಲೆ ಸುರಿದು ಅವನ ಬೆರಳು ಹಿಡಿದು ತಿಕ್ಕಿದೆ. ಮೂರು ಸಲ. ಪ್ರತಿ ಸಲವೂ ಅವನು ಉಸಿರು ಒಳಕ್ಕೆ ಎಳೆದುಕೊಳ್ಳುವುದು ಕೇಳಿಸಿತು. ಎಳೆ ಹೋಗುತ್ತಿದೆಯಲ್ಲ, ಅದಕ್ಕೆ ಉರಿಯುತ್ತಿದೆ ಎಂದು ನಾನು ಇನ್ನೂ ಗಟ್ಟಿ ಒತ್ತಿದೆ.

ಗುರು ದೋಣಿಗೆ ಹತ್ತಿದವನೇ ನನ್ನ ಕೈಯಿಂದ ಟವೆಲು ಕಿತ್ತುಕೊಂಡ. “ತಿಕ್ಕಿದ್ರಾ? ಸಿಹಿನೀರು ಹಾಕಿ ತಿಕ್ಕಿದ್ರಾ?” ಅಂದ. ಡಬ್ಬಿಯಿಂದ ವಿನೆಗರ್ ತೆಗೆದು ಕೈಮೇಲೆ ಸುರಿಯುತ್ತ ಕೂತ. ಆ ಎಳೆಯ ತುಂಬ ಕಣ್ಣಿಗೆ ಕಾಣದ ವಿಷದ ಚೀಲಗಳಿರುತ್ತವೆ, ಮುಟ್ಟಿದಾಗ ಕೆಲವು ಮಾತ್ರ ಒಡೆಯುತ್ತವೆ, ಸಿಹಿನೀರು ಹಾಕಿ ತಿಕ್ಕಿದರೆ ಉಳಿದವೂ ಒಡೆದು ಚರ್ಮದೊಳಗೆ ಇಳಿಯುತ್ತವೆ. ಇದು ನನ್ನ ಪರೀಕ್ಷೆಯ ಪಾಠದಲ್ಲಿತ್ತು. ಆ ಪಾಠದಲ್ಲಿ ನನಗೆ ಬಂದದ್ದು ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು.

ದಂಡೆಯ ಊರಿನ ದವಾಖಾನೆಯಲ್ಲಿ ಒಂದು ರಾತ್ರಿ ಇದ್ದೆವು. ಕೈ ಮೊಣಕೈವರೆಗೆ ಬಾತಿತ್ತು, ಬೆರಳು, ಮುಂಗೈ ಮೇಲೆ ಎಳೆ ಎಳೆಯಾಗಿ ಕೆಂಪು ಬರೆ. ಹನ್ನೊಂದು ಬರೆಗಳು. ಊರಿಗೆ ಬಂದ ಮೇಲೆ ಬಾವು ಇಳಿಯಿತು, ಬರೆಗಳು ಕಪ್ಪಾದವು. ಬುಧವಾರ ರಬಕವಿಗೆ ಹೋಗಲಿಲ್ಲ, ಮುಂದೆ ಬರುತ್ತೇನೆಂದು ಹೇಳಿ ಕಳಿಸಿದ. ನೋವು ಹೋದ ಮೇಲೆ ಗೊತ್ತಾಯಿತು, ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಏನೂ ತಿಳಿಯುತ್ತಿರಲಿಲ್ಲ. ಚಹಾದ ಬಟ್ಟಲು ಬಿಸಿಯೋ ತಣ್ಣಗೋ ಎಂದು ಅವನು ಬೇರೆ ಬೆರಳಿನಿಂದ ನೋಡುತ್ತಿದ್ದ.

ಜಮಖಂಡಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಸೂಜಿಯ ತುದಿಯಿಂದ ಮುಟ್ಟಿ ನೋಡಿದರು. ಇಂಥದ್ದನ್ನು ತಾವು ನೋಡಿಯೇ ಇಲ್ಲ, ನಮ್ಮ ಕಡೆ ಚೇಳು ಹಾವು ಬಿಟ್ಟರೆ ಬೇರೆ ಬರುವುದಿಲ್ಲ ಎಂದರು. ಬರೆದುಕೊಳ್ಳುತ್ತ ಕೇಳಿದರು, “ಹೊರಗ ಬಂದ ಕೂಡ್ಲೇ ಏನ್ ಮಾಡಿದ್ರಿ? ಏನರ ಹಚ್ಚಿದ್ರ್ಯಾ, ತಿಕ್ಕಿದ್ರ್ಯಾ?”

ನಾನು ಬಾಯಿ ತೆರೆಯುವ ಮೊದಲೇ ಕಾಕಾ, “ಏನೂ ಮಾಡ್ಲಿಲ್ರಿ. ಹಂಗ ಬಿಟ್ವಿ” ಅಂದ.

ನಾನು ಅದನ್ನು ತಿದ್ದಲಿಲ್ಲ. ಡಾಕ್ಟರು, ನರಕ್ಕೆ ಪೆಟ್ಟು ಬಿದ್ದಿರಬೇಕು, ತಿಂಗಳುಗಟ್ಟಲೆ ಹಿಡಿಯಬಹುದು, ಬಂದರೆ ತಾನೇ ಬರಬೇಕು ಎಂದರು. ಕಾಕಾ ಕೇಳಿದ್ದು ಒಂದೇ, “ಎಳಿ ತಿಳೀತೈತೇನ್ರಿ?” ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಗುಳಿಗೆಯ ಬಗ್ಗೆ ಕೇಳುತ್ತಿದ್ದಾನೆಂದು ತಿಳಿದು ಊಟದ ನಂತರ ಎಂದರು.

ಆ ವಾರದಿಂದ ನಾನು ಪ್ರತಿ ಭಾನುವಾರ ಅವನ ಬೆರಳಿನ ಪರೀಕ್ಷೆ ಶುರು ಮಾಡಿದೆ. ಅವನು ಕಣ್ಣು ಮುಚ್ಚಿಕೊಳ್ಳುವುದು, ನಾನು ಅವನ ತೋರುಬೆರಳಿನ ಮೇಲೆ ಒಂದು ಎಳೆ ಅಥವಾ ಎರಡು ಎಳೆ ಇಡುವುದು, ಅವನು ಹೆಬ್ಬೆರಳಿನಿಂದ ಉಜ್ಜಿ ಒಂದೋ ಎರಡೋ ಹೇಳುವುದು. ಹತ್ತು ಸಲ. ಮೊದಲ ಭಾನುವಾರ ಹತ್ತಕ್ಕೆ ಐದು. “ಛಲೋ ಆತಲ್ಲ, ಅರ್ಧ ಬಂತು” ಎಂದ ಕಾಕಾ. ಏನೂ ತಿಳಿಯದವನು ಸುಮ್ಮನೆ ಹೇಳಿದರೂ ಹತ್ತಕ್ಕೆ ಐದು ಬರುತ್ತದೆ. ಅದನ್ನು ನಾನು ಅವನಿಗೆ ಹೇಳಲಿಲ್ಲ. ಎರಡನೆಯ ವಾರ ನಾಲ್ಕು, ಮೂರನೆಯ ವಾರ ಐದು, ನಾಲ್ಕನೆಯ ವಾರ ಆರು. ಸಂಕ್ರಾಂತಿ ಕಳೆದ ಮೇಲೆ ಏಳು ಬಂತು. ಅದರ ಮುಂದಿನ ವಾರ ಎಂಟು. ಕಾಕಿ ಅವತ್ತು ಸಿಹಿ ಸಜ್ಜಕ ಮಾಡಿದಳು. ಕಾಕಾ ರಬಕವಿಯವರಿಗೆ, “ಫೆಬ್ರುವರಿ ಕಡೀಕ ಬರ್ತೇನ್ರಿ, ತಯಾರ ಇರ್ರಿ” ಎಂದು ಫೋನ್ ಮಾಡಿದ. ಅವರು ಅಲ್ಲಿಯವರೆಗೂ ಬೇರೆ ಯಾರನ್ನೂ ಕರೆಯದೆ ಮಗ್ಗವನ್ನು ನಿಲ್ಲಿಸಿಟ್ಟಿದ್ದರು.

ಒಂಬತ್ತು ಬಂದ ಭಾನುವಾರ ನಾನು ಎಳೆ ಇಡುವಾಗ ತಲೆ ಎತ್ತಿದೆ. ಕಾಕಾನ ಎಡಗಣ್ಣಿನ ರೆಪ್ಪೆ ಒಂದು ಕೂದಲಿನಷ್ಟು ತೆರೆದಿತ್ತು. ಅವನು ನೋಡಿ ಹೇಳುತ್ತಿದ್ದ. ನಾನು ತಲೆ ತಗ್ಗಿಸಿ ಹತ್ತನೆಯದನ್ನೂ ಇಟ್ಟೆ. ಅವನು “ಎರಡು” ಎಂದ. ಎರಡೇ ಇತ್ತು. ನಾನು ಪುಸ್ತಕದಲ್ಲಿ ಒಂಬತ್ತು ಎಂದು ಬರೆದೆ. ಅವನು ಯಾಕೆ ಹಾಗೆ ಮಾಡುತ್ತಿದ್ದನೆಂದು ನನಗೆ ಗೊತ್ತಿತ್ತು. ಪ್ರತಿ ವಾರ ಅಂಕ ಬರೆಯುವಾಗ ನನ್ನ ಮುಖವನ್ನು ಅವನು ನೋಡುತ್ತಿದ್ದ.

ರಬಕವಿಗೆ ಹೋಗುವ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಹೋಗಬೇಡ ಎಂದು ಹೇಳಬೇಕಿತ್ತು. ಹೇಳಿದ್ದರೆ ಯಾಕೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಆ ಮನೆಯ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. “ಬಾರಪಾ, ಮೂರು ತಿಂಗಳಾತು ನಿನ್ನ ದಾರಿ ನೋಡಿ. ಸಮುದ್ರದೊಳಗ ನನಗೊಬ್ಬ ಸೊಸಿ ಹುಡುಕಾಕ ಹೋಗಿದ್ದ್ಯಂತ?” ಎಂದು ನಕ್ಕಳು.

“ಹುಡುಕಿದ್ನೆವ್ವಾ. ಕೈ ಹಿಡಿಯೂದ್ರೊಳಗ ಸುಟ್ಟಾಳ ನೋಡು” ಎಂದ ಕಾಕಾ.

ಮಗ್ಗದ ಹಿಂದೆ ಚಾಪೆ ಹಾಸಿ ಕೂತ. ಮೊದಲ ತಾಸು ನಿಮಿಷಕ್ಕೆ ನಾಲ್ಕು. ಅವನು ಹೊಸೆದ ಪ್ರತಿ ಎಳೆಯನ್ನೂ ಕಣ್ಣ ಹತ್ತಿರ ತಂದು ನೋಡುತ್ತಿದ್ದ, ಜಗ್ಗುತ್ತಿದ್ದ, ಕೆಲವನ್ನು ಮತ್ತೆ ಹೊಸೆಯುತ್ತಿದ್ದ. ಊಟದ ಹೊತ್ತಿಗೆ ಮುಗಿಯಲಿಲ್ಲ. ಸಂಜೆಗೂ ಮುಗಿಯಲಿಲ್ಲ. ಮರುದಿನ ಮಧ್ಯಾಹ್ನ ಮೂರಕ್ಕೆ ಕೊನೆಯ ಎಳೆ ಮುಗಿಸಿ ಬೆನ್ನು ನೆಟ್ಟಗೆ ಮಾಡಿದ. ಅಜ್ಜಿಯ ಮಗ ಮುಂದೆ ನಿಂತು ಹಾಸನ್ನು ಮೆಲ್ಲಗೆ ಎಳೆಯಲು ಶುರು ಮಾಡಿದ. ನಾನು ಅವನ ಪಕ್ಕದಲ್ಲಿ ನಿಂತಿದ್ದೆ.

ಎಳೆ ಬಿಚ್ಚಿದರೆ ಸದ್ದಾಗುವುದಿಲ್ಲ. ಫಣಿಯ ಹಿಂದೆ ಬಿಗಿಯಾಗಿದ್ದ ಸಾಲಿನಲ್ಲಿ ಒಂದು ಎಳೆ ಜೋಲು ಬೀಳುತ್ತದೆ, ಅಷ್ಟೇ. ಮೊದಲು ಅಂಚಿನಲ್ಲಿ ಎರಡು ಮೂರು ಜೋತವು. ಆಮೇಲೆ ನಡುವೆ ಒಂದು ಕಡೆ ಗುಂಪಾಗಿ. ಅಜ್ಜಿಯ ಮಗ ಎಳೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ನಾನು ಸನ್ನೆ ಮಾಡಿದೆ, ಅವನು ಮತ್ತೆ ಎಳೆದ. ಹಾಸು ಪೂರ್ತಿ ಮುಂದೆ ಬರುವವರೆಗೂ ನಾನು ಎಣಿಸಿದೆ. ನನಗೆ ಬರುವುದು ಅದೊಂದೇ.

ಕಾಕಾ ಕೂತಲ್ಲಿಂದ ಏಳಲಿಲ್ಲ. ಹಿಂದಿನಿಂದಲೇ ಕೇಳಿದ, “ಎಷ್ಟು ಯವ್ವಾ?”

“ನಲವತ್ತು ಇರಬಹುದು” ಅಂದೆ.

“ಇರಬಹುದು ಅಂತ ಯಾವಾಗಿಂದ ಹೇಳಾಕತ್ತಿ ನೀ?”

ನಾನು ಜೋತುಬಿದ್ದ ಎಳೆಗಳ ಕಡೆ ನೋಡಿದೆ.

“ಖರೇ ಹೇಳು. ನಾ ಹೇಳಲಿಲ್ಲ ನಿನಗ. ನೀ ಆದ್ರೂ ಹೇಳು.”

“ಮುನ್ನೂರ ಹನ್ನೊಂದು.”

ಅವನು ಹಾಸಿನ ಆ ಕಡೆಯೇ ಕೂತಿದ್ದ. ಎಳೆಗಳ ನಡುವಿನಿಂದ ಅವನ ಅಂಗಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆಮೇಲೆ ಎದ್ದು ಬಂದು ಅಜ್ಜಿಗೆ ಹೇಳಿದ, “ಎವ್ವಾ, ನಾಳೆ ನಮ್ಮ ಓಣ್ಯಾಗ ಕೆಚ್ಚೂದು ಕಲ್ತ ಹುಡುಗ ಒಬ್ಬ ಅದಾನ, ಅವನ್ನ ಕರಸ್ರಿ. ಅವನ ಕೈ ಛಲೋ ಐತಿ. ಬಿಚ್ಚಿದ್ದು ಅವ ಕೂಡಸ್ತಾನ. ಮುಂದಿನ ಹಾಸೂ ಅವನ ಮಾಡ್ಲಿ.” ಅಜ್ಜಿ, “ಇದೊಂದು ಸಲ ಹಿಂಗಾತು, ಇನ್ನೊಂದು ನಾಲ್ಕು ತಿಂಗಳ ಬಿಟ್ಟು...” ಎಂದಳು. ಕಾಕಾ ತಲೆ ಅಲ್ಲಾಡಿಸಿದ. ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಚಪ್ಪಲಿ ಮೆಟ್ಟಿದ.

ಬನಹಟ್ಟಿಗೆ ನಡೆದುಕೊಂಡೇ ಬಂದೆವು. ಅರ್ಧ ದಾರಿಯಲ್ಲಿ ನಾನು ಹೇಳಿದೆ, “ಕಾಕಾ, ಅವತ್ತು ನಾ ತಿಕ್ಕಬಾರದಿತ್ತು. ತಿಕ್ಕಿದ್ದಕ್ಕ ಜಾಸ್ತಿ ಆತು. ಡಾಕ್ಟರ ಮುಂದ ನೀ ಯಾಕ ಮುಚ್ಚಿಟ್ಟಿ?”

ಅವನು ನಡೆಯುವುದನ್ನು ನಿಲ್ಲಿಸಲಿಲ್ಲ. “ನಾ ಮುಟ್ಟಬಾರದಿತ್ತು. ಕೈ ತಾನ ಹೋತು.” ಇನ್ನೂ ನಾಲ್ಕು ಹೆಜ್ಜೆ ಆದ ಮೇಲೆ ಕೇಳಿದ, “ನೀ ಯಾಕ ತಿಕ್ಕಿದಿ?”

“ಅಂಟಿತ್ತು.”

“ಮತ್ತ. ಅಂಟಿದ್ದು ತೆಗೀಬೇಕಲ್ಲ” ಅಂದ.

ಎದುರಿನ ಶೆಡ್ಡಿನಲ್ಲಿ ಮಗ್ಗಗಳು ನಡೆದಿದ್ದವು. ಅದಕ್ಕಿಂತ ಹೆಚ್ಚು ಅವನು ಏನಾದರೂ ಅಂದಿದ್ದರೂ ನನಗೆ ಕೇಳಿಸುತ್ತಿರಲಿಲ್ಲ.

ಮನೆಗೆ ಅವನು ಬಂದ ಹೊತ್ತು, ಬಂದ ರೀತಿ ನೋಡಿಯೇ ಕಾಕಿಗೆ ತಿಳಿದಿರಬೇಕು. ಚಹಾ ಕೊಟ್ಟಳು. ಎರಡು ದಿನ ಅವನು ಕಟ್ಟೆಯ ಮೇಲೆ ಕೂತು ಎದ್ದ. ಮೂರನೆಯ ದಿನ ನಾನು ಕೆಲಸದಿಂದ ಬಂದಾಗ ಕಾಕಾ ಒಳಗೆ ಕಾಕಿಯ ಪಕ್ಕದಲ್ಲಿ ಇನ್ನೊಂದು ರಾಟಿಯ ಮುಂದೆ ಕೂತಿದ್ದ. ಕಂಡಿಕೆ ಸುತ್ತುವುದು ನಮ್ಮಲ್ಲಿ ಹೆಂಗಸರ ಕೆಲಸ. ಗಂಡಸರು ಕೂತರೆ ಓಣಿಯವರು ಹಣಕಿ ನೋಡಿ ನಗುತ್ತಾರೆ. ಕಾಕಿ ಎದ್ದು ಹೋಗಿ ಹೊರಬಾಗಿಲಿಗೆ ಪರದೆ ಎಳೆದು ಬಂದಳು. ಅವನ ಕಡೆಗೆ ನೂಲಿನ ಬುಟ್ಟಿ ಸರಿಸಿ, ತಾನು ಗೋಡೆಯ ಕಡೆ ಜರುಗಿ ಕೂತಳು.

ಅವನು ಮೊದಲ ಕಂಡಿಕೆ ಮುಗಿಸಿ ಅವಳಿಗೆ ಕೊಟ್ಟ. ಅವಳು ಅದನ್ನು ಅಂಗೈಯಲ್ಲಿ ಒತ್ತಿ ನೋಡಿದಳು.

“ಸಡಿಲ ಆಗೇತಿ” ಅಂದಳು. “ಲಾಳಿಯೊಳಗ ಕುಸೀತೈತಿ ಇದು.”

“ನನಗ ತಿಳಿಯೂದಿಲ್ಲ” ಎಂದ ಕಾಕಾ.

“ನಾ ನೋಡ್ತೇನಲ್ಲ. ನೀ ಸುತ್ತು.”

ಅವಳು ಆ ಕಂಡಿಕೆಯನ್ನು ಬಿಚ್ಚಿ ನೂಲಿನ ತುದಿಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಉಂಗುರದ ಬೆರಳು ಮತ್ತು ಕಿರುಬೆರಳಿನ ನಡುವೆ ಹಿಡಿದು ರಾಟಿ ತಿರುಗಿಸಿದ.